ಅಮೆರಿಕದ ಗುಹೆ ಪ್ರವಾಸ: ಯಾವ ಗುಹೆಗೆ ಹೋಗಬೇಕು, ಯಾವ ಪಾಸ್ ತಗೋಬೇಕು?

‘ಅಮೆರಿಕ ದಿ ಬ್ಯೂಟಿಫುಲ್ ಪಾಸ್ ತಗೊಂಡ್ಬಿಡಿ, ಎಲ್ಲಾ ನ್ಯಾಷನಲ್ ಪಾರ್ಕ್ ಫ್ರೀ’ ಅನ್ನುವ ಸಲಹೆ ಬೇಸಿಗೆ ಬಂತೆಂದರೆ ಇಲ್ಲಿನ ಕನ್ನಡಿಗರ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡತೊಡಗುತ್ತದೆ. ಊರಿಂದ ಅಪ್ಪ-ಅಮ್ಮ ಅಥವಾ ಅತ್ತೆ-ಮಾವ ಬಂದಿರುತ್ತಾರೆ, ಮಕ್ಕಳಿಗೆ ರಜೆ ಇರುತ್ತದೆ, 80 ಡಾಲರ್ ದೊಡ್ಡ ಮೊತ್ತ ಅನ್ನಿಸುವುದೂ ಇಲ್ಲ. ಬೆಟ್ಟ, ಕಣಿವೆ ನೋಡಲು ಹೊರಟವರ ಮಟ್ಟಿಗೆ ಆ ಸಲಹೆ ಸರಿಯೇ. ಗುಹೆ ನೋಡಲು ಹೊರಟವರು ಮಾತ್ರ ಸ್ವಲ್ಪ ತಡೆದು ಲೆಕ್ಕ ಹಾಕಬೇಕು. ಫೆಡರಲ್ (ಕೇಂದ್ರ) ಸರ್ಕಾರದ ಈ ವಾರ್ಷಿಕ ಪಾಸ್ ನಡೆಯುವುದು ಪಾರ್ಕಿನ ಗೇಟಿನಲ್ಲಿ. ಗುಹೆಯೊಳಗೆ ರೇಂಜರ್ ಜೊತೆ ಹೋಗುವ ಟೂರಿಗೆ ಬೇರೆ ಟಿಕೆಟ್ ಬೇಕು, ಅದಕ್ಕೆ ವಾರ್ಷಿಕ ಪಾಸ್ ತೋರಿಸಿದರೆ ಒಂದು ಸೆಂಟೂ ಕಡಿಮೆಯಾಗುವುದಿಲ್ಲ. ಇನ್ನೂ ತಮಾಷೆಯೆಂದರೆ ಹೆಸರುವಾಸಿ ಗುಹೆಗಳಿರುವ ಬಹುತೇಕ ಪಾರ್ಕುಗಳಲ್ಲಿ ಗೇಟಿನ ಶುಲ್ಕವೇ ಇಲ್ಲ. ಕೆಂಟಕಿಯ ಮ್ಯಾಮತ್ ಕೇವ್, ಸೌತ್ ಡಕೋಟಾದ ವಿಂಡ್ ಕೇವ್ ಮತ್ತು ಜುವೆಲ್ ಕೇವ್, ನೆವಾಡಾದ ಗ್ರೇಟ್ ಬೇಸಿನ್, ಒರೆಗಾನ್ ಕೇವ್ಸ್, ಈ ಐದರಲ್ಲೂ ಪ್ರವೇಶ ಉಚಿತ. ಇಲ್ಲದ ಶುಲ್ಕಕ್ಕೆ ರಿಯಾಯಿತಿ ಎಲ್ಲಿಂದ ಬರಬೇಕು?

ಹಾಗಾಗಿ ಮೊದಲು ಗುಹೆ ಆರಿಸಿ, ಪಾಸ್ ಆಮೇಲೆ. ಗುಹೆ ಆರಿಸುವಾಗಲೂ ಫೋಟೋ ನೋಡಿ ಮರುಳಾಗಬೇಡಿ, ಜೊತೆಗೆ ಬರುವವರ ಮಂಡಿ ನೋಡಿ.

ಪಾಸ್‌ಗಳ ಕಥೆ

ಸಾಮಾನ್ಯ ವಾರ್ಷಿಕ ಪಾಸ್ ಅಮೆರಿಕದ ನಿವಾಸಿಗಳಿಗೆ 80 ಡಾಲರ್. 2026ರ ಜನವರಿ 1ರಿಂದ ನಿವಾಸಿಗಳಲ್ಲದವರಿಗೆ ಅದೇ ಪಾಸ್ 250 ಡಾಲರ್. ಆದ್ದರಿಂದ ವಿಸಿಟರ್ ವೀಸಾದಲ್ಲಿ ಬಂದ ಅಪ್ಪನ ಹೆಸರಿನಲ್ಲಿ ಪಾಸ್ ಮಾಡಿಸುವ ಯೋಚನೆ ಬಿಡಿ. ಬೇಕೆಂದಾದರೆ ಇಲ್ಲಿ ನೆಲೆಸಿರುವ ಮಗನೋ ಮಗಳೋ ತಮ್ಮ ಹೆಸರಿನಲ್ಲಿ ತಗೊಳ್ಳಲಿ. ಗೇಟಿನಲ್ಲಿ ಪಾಸ್ ಜೊತೆಗೆ ಗುರುತಿನ ಚೀಟಿಯನ್ನೂ ಕೇಳುತ್ತಾರೆ.

ಗುಹೆ ಪ್ರವಾಸದಲ್ಲಿ ನಿಜವಾಗಿ ದುಡ್ಡು ಉಳಿಸುವುದು ಸೀನಿಯರ್ ಪಾಸ್. ವಯಸ್ಸು 62 ದಾಟಿರಬೇಕು, ಅಮೆರಿಕದ ಪೌರತ್ವವೋ ಗ್ರೀನ್ ಕಾರ್ಡೋ ಇರಬೇಕು. ವರ್ಷಕ್ಕಾದರೆ 20 ಡಾಲರ್, ಜೀವನಪರ್ಯಂತಕ್ಕೆ 80. ನಾಲ್ಕು ವಾರ್ಷಿಕ ಸೀನಿಯರ್ ಪಾಸ್ ಕೂಡಿಟ್ಟರೆ ಜೀವಮಾನದ್ದಕ್ಕೆ ಬದಲಾಯಿಸಿಕೊಳ್ಳಬಹುದು. ಹಾಗಾಗಿ ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ಇಲ್ಲಿರುವ ಗ್ರೀನ್ ಕಾರ್ಡ್ ಅಪ್ಪ-ಅಮ್ಮನಿಗೆ 20ರದ್ದರಿಂದ ಶುರು ಮಾಡಿದರೂ ನಷ್ಟವಿಲ್ಲ. ಈ ಪಾಸ್ ಗೇಟಿನಲ್ಲಷ್ಟೇ ನಿಲ್ಲುವುದಿಲ್ಲ, ಮ್ಯಾಮತ್, ವಿಂಡ್, ಕಾರ್ಲ್ಸ್‌ಬ್ಯಾಡ್, ಗ್ರೇಟ್ ಬೇಸಿನ್ನಿನ ಲೀಮನ್ ಗುಹೆಗಳ ರೇಂಜರ್ ಟೂರುಗಳಲ್ಲಿ ಅರ್ಧ ದರ ಕೊಡಿಸುತ್ತದೆ. ಆದರೆ ಅರ್ಧ ದರ ಪಾಸ್ ಯಾರ ಹೆಸರಿನಲ್ಲಿದೆಯೋ ಅವರೊಬ್ಬರಿಗೆ. ಅಪ್ಪನ ಪಾಸಿನಲ್ಲಿ ಅಮ್ಮನಿಗೆ ಕಡಿಮೆಯಾಗುವುದಿಲ್ಲ. ಟೂರಿನ ರಿಯಾಯಿತಿ ಇಬ್ಬರಿಗೂ ಬೇಕೆಂದರೆ ಇಬ್ಬರಿಗೂ ಪಾಸ್ ಬೇಕು. ಶಾಶ್ವತ ಅಂಗವೈಕಲ್ಯ ಇರುವ ಪೌರರಿಗೆ ಮತ್ತು ಗ್ರೀನ್ ಕಾರ್ಡಿನವರಿಗೆ ಸಿಗುವ ಆಕ್ಸೆಸ್ ಪಾಸ್ ಉಚಿತ, ಟೂರಿನ ರಿಯಾಯಿತಿ ಅದರಲ್ಲೂ ಇದೆ. ಅರ್ಹರಾದ ಎಷ್ಟೋ ಜನರಿಗೆ ಇದು ಇರುವುದೇ ಗೊತ್ತಿರುವುದಿಲ್ಲ.

ಮನೆಯಲ್ಲಿ 4ನೇ ತರಗತಿಯ ಮಗುವಿದ್ದರೆ ಸೆಪ್ಟೆಂಬರಿನಿಂದ ಮುಂದಿನ ಆಗಸ್ಟ್‌ವರೆಗೆ ಕುಟುಂಬಕ್ಕೆಲ್ಲ ಗೇಟಿನ ಶುಲ್ಕ ಮನ್ನಾ. ಅದರ ವೋಚರ್ ಮರೆಯದೆ ಜೊತೆಗಿರಲಿ. ಟೂರಿಗೆ ಇದೂ ಉಪಯೋಗವಿಲ್ಲ.

ಮಂಡಿನೋವಿನವರಿಗೆ: ಕಾರ್ಲ್ಸ್‌ಬ್ಯಾಡ್

ಹಿರಿಯರು ಜೊತೆಗಿದ್ದರೆ, ಒಂದೇ ಒಂದು ಗುಹೆ ನೋಡಲು ಸಾಧ್ಯ ಅಂತಾದರೆ, ನನ್ನ ಮತ ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬ್ಯಾಡ್ ಕ್ಯಾವರ್ನ್ಸ್‌ಗೆ. ಅಲ್ಲಿಗೆ ಹೋಗುವುದೇ ಒಂದು ಕೆಲಸ, ಎಲ್ ಪಾಸೋ ವಿಮಾನ ನಿಲ್ದಾಣದಿಂದ ಸುಮಾರು 150 ಮೈಲಿ, ದಾರಿಯುದ್ದಕ್ಕೂ ಬಟಾಬಯಲು. ಆದರೆ ಒಮ್ಮೆ ತಲುಪಿದ ಮೇಲೆ ಇಷ್ಟು ದೊಡ್ಡ ಗುಹೆಯನ್ನು ಇಷ್ಟು ಕಡಿಮೆ ಶ್ರಮದಲ್ಲಿ, ಯಾರೂ ಅವಸರ ಮಾಡದೆ, ನಿಮ್ಮದೇ ನಡಿಗೆಯಲ್ಲಿ ನೋಡುವ ಅನುಕೂಲ ಬೇರೆಡೆ ಇಲ್ಲ.

ಒಳಗೆ ಇಳಿಯಲು ಎರಡು ದಾರಿ. ಒಂದು ಲಿಫ್ಟ್. ವಿಸಿಟರ್ ಸೆಂಟರಿನೊಳಗೇ ಹತ್ತಿದರೆ ಸುಮಾರು ಒಂದು ನಿಮಿಷದಲ್ಲಿ 750 ಅಡಿ ಕೆಳಗಿರುತ್ತೀರಿ. ಇನ್ನೊಂದು ನ್ಯಾಚುರಲ್ ಎಂಟ್ರೆನ್ಸ್, ಗುಹೆಯ ಬಾಯಿಂದಲೇ ಇಳಿಯುವ 1.25 ಮೈಲಿಯ ಹಾದಿ. ಬಾಯಿಯ ಸುತ್ತ ಬೇಸಿಗೆಯಲ್ಲಿ ಕವಲುತೋಕೆ ಹಕ್ಕಿಗಳು ಚಿಲಿಪಿಲಿಗುಟ್ಟುತ್ತ ಸುತ್ತುತ್ತಿರುತ್ತವೆ, ಒಳಗಿಂದ ಬಾವಲಿ ಹಿಕ್ಕೆಯ ಘಾಟು ಮೂಗಿಗೆ ಬಡಿಯುತ್ತದೆ. ಹಾವಿನಂತೆ ಹೊರಳುವ ಕಾಲುದಾರಿಯಲ್ಲಿ ಪಕ್ಕದ ಕಂಬಿ ಹಿಡಿದು ಇಳಿಯುತ್ತ ಹೋದಂತೆ ಹಿಂದಿನ ಬೆಳಕು ಬೂದು ಬಣ್ಣಕ್ಕೆ ತಿರುಗಿ ಆಮೇಲೆ ಪೂರ್ತಿ ಆರುತ್ತದೆ. ಮೆಟ್ಟಿಲುಗಳಿಲ್ಲ, ಆದರೆ ಇಳಿಜಾರು ಕಡಿದು. ಇಳಿಯುವಾಗಲೇ ಮಂಡಿಗೆ ಹೆಚ್ಚು ಪೆಟ್ಟು ಬೀಳುವುದು ಅನ್ನುವುದು ನಮ್ಮಲ್ಲಿ ಬೆಟ್ಟದ ದೇವಸ್ಥಾನ ಹತ್ತಿ ಇಳಿದವರಿಗೆಲ್ಲ ಗೊತ್ತು. ಗಟ್ಟಿ ಕಾಲಿನವರು ಈ ದಾರಿಯಲ್ಲಿ ಇಳಿದು ಹಿರಿಯರು ಲಿಫ್ಟಿನಲ್ಲಿ ಬಂದು ಕೆಳಗೆ ಸೇರಿಕೊಳ್ಳುವುದು ಒಳ್ಳೆಯ ಏರ್ಪಾಡು. ಮೊಬೈಲ್ ನಂಬಬೇಡಿ, ಎಲ್ಲಿ, ಎಷ್ಟು ಹೊತ್ತಿಗೆ ಅಂತ ಮೊದಲೇ ಮಾತಾಡಿಕೊಂಡಿರಿ.

ಎರಡೂ ದಾರಿ ಸೇರುವುದು ಬಿಗ್ ರೂಮಿಗೆ. ಇದರ ವಿಸ್ತಾರ 8 ಎಕರೆಗೂ ಹೆಚ್ಚು. ಸುತ್ತು ಹಾಕುವ ದಾರಿ ಸುಮಾರು 1.25 ಮೈಲಿ, ಬಹುಮಟ್ಟಿಗೆ ಸಮತಟ್ಟು, ನಡುವೆ ಒಂದು ಅಡ್ಡದಾರಿ ಹಿಡಿದು ಅರ್ಧಕ್ಕೇ ಮುಗಿಸಬಹುದು. ಸ್ವಲ್ಪ ಭಾಗ ಗಾಲಿಕುರ್ಚಿಗೂ ಒದಗುತ್ತದೆ. ಬೇರೆ ಸುಣ್ಣಕಲ್ಲಿನ ಗುಹೆಗಳನ್ನು ಮಳೆನೀರಿನ ಸೌಮ್ಯ ಆಮ್ಲ ಕೊರೆದಿದ್ದರೆ, ಈ ಬೆಟ್ಟಸಾಲಿನ ಗುಹೆಗಳನ್ನು ಕೊರೆದದ್ದು ಸಲ್ಫ್ಯೂರಿಕ್ ಆಮ್ಲ. ಹತ್ತಿರದ ಎಣ್ಣೆ ನಿಕ್ಷೇಪಗಳಿಂದ ಮೇಲೆದ್ದ ಹೈಡ್ರೋಜನ್ ಸಲ್ಫೈಡ್ ನೀರಿನೊಡನೆ ಸೇರಿ ಆದ ಆಮ್ಲ ಅದು. ಕೋಣೆಗಳು ಇಷ್ಟು ಅಗಾಧವಾಗಿರುವುದು ಅದರಿಂದ.

ದುಡ್ಡಿನ ವಿಷಯ. ನಾನು ಇಲ್ಲಿ ಹೇಳುತ್ತಿರುವ ದೊಡ್ಡ ಗುಹೆಗಳಲ್ಲಿ ಪಾಸ್ ನೇರವಾಗಿ ಕೆಲಸ ಮಾಡುವುದು ಇಲ್ಲೇ. 16 ದಾಟಿದ ಒಬ್ಬರಿಗೆ 15 ಡಾಲರ್, ಮಕ್ಕಳಿಗೆ ಉಚಿತ, ಮೂರು ದಿನ ನಡೆಯುತ್ತದೆ. ಒಂದು ಪಾಸ್ ತೋರಿಸಿದರೆ ಪಾಸಿನವರು ಮತ್ತು ಜೊತೆಗೆ ಮೂವರು ದೊಡ್ಡವರು ಒಳಗೆ. ನಾಲ್ವರಿಗೆ 60 ಡಾಲರ್ ಆಗುವುದರಿಂದ ಬರೀ ಕಾರ್ಲ್ಸ್‌ಬ್ಯಾಡ್‌ಗಾಗಿ 80ರ ಪಾಸ್ ತಗೊಂಡರೆ ನಷ್ಟ. ಆದರೆ ಅಷ್ಟು ದೂರ ಹೋದವರು ಬರೀ ಗುಹೆ ನೋಡಿ ವಾಪಸಾಗುವುದಿಲ್ಲ. ಎಲ್ ಪಾಸೋದಿಂದ ಬರುವ ದಾರಿಯಲ್ಲೇ ಗ್ವಾಡಲೂಪೆ ಮೌಂಟನ್ಸ್ ಇದೆ, ತಲಾ 10 ಡಾಲರ್, ನಾಲ್ವರಿಗೆ 40. ಬಿಳಿ ಮರಳಿನ ವೈಟ್ ಸ್ಯಾಂಡ್ಸ್ ಸೇರಿಸಿದರೆ ಕಾರಿಗೆ 25. ಮೂರೂ ಸೇರಿ 125 ಆಯಿತು, ಪಾಸಿನ ಬೆಲೆ ಕಳೆದು 45 ಡಾಲರ್ ಉಳಿಯಿತು. ಇಬ್ಬರೇ ಹೋದರೆ ಲೆಕ್ಕ 30, 20, 25 ಸೇರಿ 75ಕ್ಕೆ ನಿಲ್ಲುತ್ತದೆ, ಆಗ ಪಾಸ್ ಬೇಡ.

ಪಾಸ್ ಇದ್ದವರೂ ಮರೆಯಬಾರದ ಸಂಗತಿ, ಇಲ್ಲಿ ಒಳಹೋಗುವ ಸಮಯವನ್ನು ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ ಮೊದಲೇ ಕಾಯ್ದಿರಿಸಬೇಕು. ಅದಕ್ಕೆ ತಲೆಗೆ ಒಂದು ಡಾಲರ್, ಪಾಸಿನವರಿಗೂ ಬಿಡುವುದಿಲ್ಲ. ಕಿಂಗ್ಸ್ ಪ್ಯಾಲೆಸ್ ಅನ್ನುವ ರೇಂಜರ್ ಟೂರು ನಡೆಯುತ್ತಿದ್ದರೆ ಅದಕ್ಕೆ ಬೇರೆ ಟಿಕೆಟ್.

ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ಹೋಗುವವರು ಸಂಜೆ ಅಲ್ಲೇ ಉಳಿಯಿರಿ. ಗುಹೆಯ ಬಾಯಿಯೆದುರು ಕಲ್ಲಿನ ಮೆಟ್ಟಿಲ ಬಯಲು ರಂಗಮಂದಿರದಲ್ಲಿ ಕೂತರೆ ಕತ್ತಲಾಗುವ ಹೊತ್ತಿಗೆ ಲಕ್ಷಗಟ್ಟಲೆ ಬಾವಲಿಗಳು ಸುರುಳಿ ಸುತ್ತುತ್ತ ಹೊರಬೀಳುವುದನ್ನು ನೋಡಬಹುದು. ಟಿಕೆಟ್ ಇಲ್ಲ, ಬುಕಿಂಗ್ ಇಲ್ಲ. ಕ್ಯಾಮೆರಾ, ಫೋನ್ ಸಹ ತೆಗೆಯುವಂತಿಲ್ಲ, ಬಾವಲಿಗಳಿಗೆ ತೊಂದರೆಯಾಗುತ್ತದೆ. ಇನ್‌ಸ್ಟಾಗ್ರಾಮ್ ಇಲ್ಲದ ಒಂದು ಗಂಟೆ ಮನೆಮಂದಿಗೆಲ್ಲ ಒಳ್ಳೆಯದೇ.

ನಡೆಯಬಲ್ಲವರಿಗೆ, ಕಥೆ ಕೇಳುವವರಿಗೆ: ಮ್ಯಾಮತ್ ಕೇವ್

ಜಗತ್ತಿನಲ್ಲಿ ಈವರೆಗೆ ಅಳೆದಿರುವ ಗುಹೆಗಳಲ್ಲಿ ಅತಿ ಉದ್ದದ್ದು ಇದು, 420 ಮೈಲಿಗೂ ಹೆಚ್ಚು. ಮಿಡ್‌ವೆಸ್ಟ್‌ನ ಕನ್ನಡಿಗರಿಗೆ, ಅಟ್ಲಾಂಟಾ ಕಡೆಯವರಿಗೆ ಕಾರಿನಲ್ಲಿ ಹೋಗಿಬರುವ ದೂರ. ಆದರೆ ತೂಗುವ ಸುಣ್ಣದ ಕಲ್ಲಿನ ಗೊಂಚಲುಗಳನ್ನು ಕಲ್ಪಿಸಿಕೊಂಡು ಹೋದವರು ‘ಇದೇನು, ಬರೀ ಸುರಂಗ’ ಅಂತ ಮುಖ ಸಿಂಡರಿಸುವುದುಂಟು. ಕಾರಣ ಸರಳ. ಸುಣ್ಣಕಲ್ಲಿನ ಮೇಲೆ ಮರಳುಗಲ್ಲಿನ ಹೊದಿಕೆಯಿದೆ, ಅದು ನೀರು ಒಸರಲು ಬಿಡುವುದಿಲ್ಲ. ನೀರು ತೊಟ್ಟಿಕ್ಕದಿದ್ದರೆ ಗೊಂಚಲು ಬೆಳೆಯುವುದಿಲ್ಲ. ಆ ಹೊದಿಕೆ ಸವೆದುಹೋದ ಅಂಚಿನಲ್ಲಿ ಮಾತ್ರ ಫ್ರೋಜನ್ ನಯಾಗರ ಅನ್ನುವ ಜಾಗವಿದೆ, ಅಲ್ಲಿ ಗೋಡೆಯೇ ಜಲಪಾತದಂತೆ ಇಳಿದು ಕಲ್ಲಾಗಿದೆ.

ಇಲ್ಲಿ ಟೂರು ಆರಿಸುವುದೇ ಮುಖ್ಯ. ಮೆಟ್ಟಿಲು ಬೇಡದವರಿಗೆ ಫ್ರೋಜನ್ ನಯಾಗರ ಟೂರು: ಬಸ್ಸಿನಲ್ಲಿ ಬಾಗಿಲವರೆಗೆ ಬಿಡುತ್ತಾರೆ, ನಡಿಗೆ ಕಾಲು ಮೈಲಿ, ಕಡ್ಡಾಯ ಮೆಟ್ಟಿಲು 12, ಇನ್ನೂ 98 ಮೆಟ್ಟಿಲ ಒಂದು ಭಾಗವಿದೆ, ಬೇಡವೆಂದವರು ಮೇಲೆಯೇ ನಿಲ್ಲಬಹುದು. ಒಂದು ಮೆಟ್ಟಿಲೂ ಆಗದವರಿಗೆ ಲಿಫ್ಟಿನಲ್ಲಿ ಇಳಿಯುವ ಆಕ್ಸೆಸಿಬಲ್ ಟೂರು ಇದೆ. ಗೊಂಚಲು ಬೇಕು, ಮೆಟ್ಟಿಲಿಗೆ ಅಂಜಿಕೆಯಿಲ್ಲ ಅನ್ನುವವರಿಗೆ ಡೋಮ್ಸ್ ಅಂಡ್ ಡ್ರಿಪ್‌ಸ್ಟೋನ್ಸ್. ಅದರಲ್ಲಿ ಸುಮಾರು 500 ಮೆಟ್ಟಿಲು, ಬಹುಪಾಲು ಶುರುವಿನಲ್ಲೇ ಕಡಿದಾದ ಕಿರಿದಾದ ಕಬ್ಬಿಣದ ಮೆಟ್ಟಿಲುಗಳು. ಪುಟ್ಟ ಮಗುವನ್ನು ಎತ್ತಿಕೊಂಡು ಹೋಗಲು ಅದು ಜಾಗವಲ್ಲ.

ಎಂಟು ವರ್ಷ ದಾಟಿದ ಮಕ್ಕಳಿದ್ದರೆ ಯೋಚಿಸದೆ ಹಿಸ್ಟಾರಿಕ್ ಟೂರ್ ತಗೊಳ್ಳಿ. ಎರಡು ಮೈಲಿ, ಎರಡು ಗಂಟೆ, 500 ಮೀರಿದ ಮೆಟ್ಟಿಲು. 1812ರ ಯುದ್ಧದ ಕಾಲದಲ್ಲಿ ಸಿಡಿಮದ್ದಿಗಾಗಿ ಪೆಟ್ಲುಪ್ಪು ತೆಗೆದ ಮರದ ತೊಟ್ಟಿಗಳು ಇನ್ನೂ ಅಲ್ಲೇ ಇವೆ; ಒಳಗಿನ ಗಾಳಿ ಅಷ್ಟು ಒಣ, ಮರ ಕೊಳೆತಿಲ್ಲ. ಮುಂದೆ ಬಾಟಮ್‌ಲೆಸ್ ಪಿಟ್ ಎಂಬ ಕಂದರ. 1838ರಲ್ಲಿ ಸ್ಟೀಫನ್ ಬಿಷಪ್ ಎಂಬ ಯುವಕ ಅದನ್ನು ದಾಟಿದ್ದರಿಂದ ಆಚೆಗಿನ ಮೈಲಿಗಟ್ಟಲೆ ಗುಹೆ ಜಗತ್ತಿಗೆ ತಿಳಿಯಿತು. ಆತ ಗುಲಾಮ. ಗುಹೆಯ ಒಡೆಯನ ಸೊತ್ತಾಗಿದ್ದುಕೊಂಡೇ ಶ್ರೀಮಂತ ಪ್ರವಾಸಿಗಳಿಗೆ ದಾರಿ ತೋರಿಸುತ್ತಿದ್ದ. ಆಮೇಲೆ ಫ್ಯಾಟ್ ಮ್ಯಾನ್ಸ್ ಮಿಸರಿ. ಸೊಂಟದಿಂದ ಕೆಳಗೆ ಬಂಡೆ ಎರಡೂ ಕಡೆಯಿಂದ ಒತ್ತಿಕೊಂಡು ಬರುತ್ತದೆ, ಪಾದವನ್ನು ಅಡ್ಡ ತಿರುಗಿಸಿ ಒಂದೊಂದೇ ಹೆಜ್ಜೆ ಜಾರಿಸಬೇಕು. ತಲೆಮಾರುಗಳಿಂದ ಜನ ಉಜ್ಜಿಕೊಂಡು ಹೋಗಿ ಆ ಕಲ್ಲು ಎಣ್ಣೆ ಸವರಿದ ಹಾಗೆ ಮಿರುಗುತ್ತದೆ. ಅದರ ಬೆನ್ನಿಗೇ ಟಾಲ್ ಮ್ಯಾನ್ಸ್ ಮಿಸರಿ, ಅಲ್ಲಿ ಬಗ್ಗಿ ನಡೆಯಬೇಕು. ಬೆನ್ನುನೋವಿನವರು ಇದನ್ನು ಗಮನದಲ್ಲಿಟ್ಟುಕೊಳ್ಳಲಿ.

ಪಾಸಿನ ಮಾತು ಇಲ್ಲಿ ಚಿಕ್ಕದು. ಸೀನಿಯರ್ ಅಥವಾ ಆಕ್ಸೆಸ್ ಇದ್ದರೆ ಟೂರು ಅರ್ಧ ದರ. ವಾರ್ಷಿಕ ಪಾಸ್ ಪೂರ್ತಿ ದಂಡ. ಇದೇ ಪ್ರವಾಸದಲ್ಲಿ ಟೆನೆಸೀಯ ಗ್ರೇಟ್ ಸ್ಮೋಕಿ ಮೌಂಟನ್ಸ್ ಸೇರಿಸುವವರು ‘ಅಲ್ಲಾದರೂ ಆಗುತ್ತಲ್ಲ’ ಅಂದುಕೊಳ್ಳಬಹುದು. ಅಲ್ಲೂ ಪ್ರವೇಶ ಉಚಿತ. 2023ರಿಂದ ಪಾರ್ಕಿಂಗ್ ಟ್ಯಾಗ್ ಕೊಳ್ಳಬೇಕು, ದಿನಕ್ಕೆ 5 ಡಾಲರ್, ವಾರಕ್ಕೆ 15, ಅದಕ್ಕೆ ಫೆಡರಲ್ ಪಾಸ್ ನಡೆಯುವುದಿಲ್ಲ.

ಇನ್ನೊಂದು, ಮ್ಯಾಮತ್ ಕೇವ್ ಇರುವುದು ಸೆಂಟ್ರಲ್ ಸಮಯದಲ್ಲಿ. ಅದೇ ಕೆಂಟಕಿಯ ಲೂಯಿವಿಲ್ ಈಸ್ಟರ್ನ್ ಸಮಯದಲ್ಲಿ. ಲೂಯಿವಿಲ್‌ನಿಂದ ಹೊರಟವರಿಗೆ ಒಂದು ಗಂಟೆ ಲಾಭ, ಕಷ್ಟವಿಲ್ಲ. ಮಧ್ಯಾಹ್ನ ಟೂರು ಮುಗಿಸಿ ಲೂಯಿವಿಲ್‌ನಲ್ಲಿ ರಾತ್ರಿ ವಿಮಾನ ಹಿಡಿಯುವವರು ಮಾತ್ರ ಆ ಗಂಟೆಯನ್ನು ಮರಳಿ ಕೊಡಬೇಕಾಗುತ್ತದೆ.

ರಶ್ಮೋರ್ ದಾರಿಯಲ್ಲಿರುವ ಜೋಡಿ ಗುಹೆಗಳು

ನಾಲ್ವರು ಅಧ್ಯಕ್ಷರ ಮುಖ ಕೆತ್ತಿದ ಬೆಟ್ಟ ನೋಡಲು ಸೌತ್ ಡಕೋಟಾಕ್ಕೆ ಹೇಗೂ ಹೋಗುತ್ತೀರಿ. ಅಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ಸುತ್ತಳತೆಯಲ್ಲಿ ಎರಡು ಗುಹೆಗಳಿವೆ. ವಿಂಡ್ ಕೇವ್ 1903ರಲ್ಲಿ ನ್ಯಾಷನಲ್ ಪಾರ್ಕ್ ಆಯಿತು, ಒಂದು ಗುಹೆಯನ್ನು ಉಳಿಸಲೆಂದು ಮಾಡಿದ ಮೊದಲ ನ್ಯಾಷನಲ್ ಪಾರ್ಕ್ ಅದು. ಅದರ ವಿಶೇಷ ಬಾಕ್ಸ್‌ವರ್ಕ್, ಚಾವಣಿಯ ತುಂಬ ತೆಳ್ಳನೆಯ ಕ್ಯಾಲ್ಸೈಟ್ ಹಲಗೆಗಳು ಒಂದಕ್ಕೊಂದು ಅಡ್ಡಹಾಯ್ದು ಹೆಣೆದಿರುತ್ತವೆ. ಹೊರಗಿನ ಗಾಳಿಯ ಒತ್ತಡ ಬದಲಾದಂತೆ ಗುಹೆಯ ಮೂಲ ಕಿಂಡಿ ಗಾಳಿಯನ್ನು ಎಳೆದುಕೊಳ್ಳುತ್ತದೆ, ಊದುತ್ತದೆ. ರೇಂಜರ್ ಒಂದು ರಿಬ್ಬನ್ ಹಿಡಿದು ತೋರಿಸುತ್ತಾರೆ. ಈ ಭಾಗದ ಮೂಲನಿವಾಸಿಗಳಾದ ಲಕೋಟ ಜನರಿಗೆ ಇದು ತಮ್ಮ ಪೂರ್ವಿಕರು ಭೂಮಿಯ ಮೇಲೆ ಬಂದ ಬಾಗಿಲು, ಪವಿತ್ರ ಸ್ಥಳ. ಸುಲಭದ್ದು ಬೇಕಾದರೆ ಗಾರ್ಡನ್ ಆಫ್ ಈಡನ್ ಟೂರು, ಸುಮಾರು 150 ಮೆಟ್ಟಿಲು. ಮೇಲೆ ಹುಲ್ಲುಗಾವಲಿನಲ್ಲಿ ಕಾಡೆಮ್ಮೆಯಂಥ ಬೈಸನ್ ಹಿಂಡು ದುಡ್ಡಿಲ್ಲದೆ ನೋಡಲು ಸಿಗುತ್ತದೆ.

ಜುವೆಲ್ ಕೇವ್‌ನಲ್ಲಿ ಗೋಡೆಗಳಿಗೆ ಹರಳುಗಳ ಹೊದಿಕೆ. ಅಲ್ಲಿನ ಸೀನಿಕ್ ಟೂರಿಗೆ 723 ಮೆಟ್ಟಿಲು, ಹಿರಿಯರಿಗೆ ಬೇಡ. 20 ನಿಮಿಷದ ಡಿಸ್ಕವರಿ ಟೂರು ಲಿಫ್ಟಿನಲ್ಲಿ ಇಳಿದು ಒಂದು ದೊಡ್ಡ ಕೋಣೆ ತೋರಿಸಿ ಕಳಿಸುತ್ತದೆ, ಅಷ್ಟು ಸಾಕು ಅನ್ನುವವರಿಗೆ ಚೆನ್ನ. ಎರಡರಲ್ಲಿ ಒಂದನ್ನೇ ಆರಿಸುವುದಾದರೆ ನಾನು ವಿಂಡ್ ಕೇವ್ ಅನ್ನುತ್ತೇನೆ. ಹರಳು ಬೇರೆಡೆಯೂ ಸಿಗುತ್ತದೆ, ಆ ಪ್ರಮಾಣದ ಬಾಕ್ಸ್‌ವರ್ಕ್ ಸಿಗುವುದಿಲ್ಲ. ಎರಡಕ್ಕೂ ಲಿಫ್ಟೇ ಜೀವಾಳ. ಅದು ದುರಸ್ತಿಗೆ ನಿಂತರೆ ಟೂರುಗಳೂ ನಿಲ್ಲುತ್ತವೆ, ಹೊರಡುವ ಮುಂಚೆ ಪಾರ್ಕಿನ ತಾಣ ನೋಡಿಕೊಳ್ಳಿ.

ಈ ಕಡೆಯ ಲೆಕ್ಕ ನೋಡಿ. ಗುಹೆಗಳಿಗೆ ಗೇಟ್ ಶುಲ್ಕವಿಲ್ಲ. ಮೌಂಟ್ ರಶ್ಮೋರ್‌ಗೂ ಇಲ್ಲ, ಪಾರ್ಕಿಂಗ್ 10 ಡಾಲರ್, ಅದಕ್ಕೆ ಪಾಸ್ ಒಪ್ಪುವುದಿಲ್ಲ. ಕಸ್ಟರ್ ಪಾರ್ಕ್ ರಾಜ್ಯ ಸರ್ಕಾರದ್ದು, ಅಲ್ಲೂ ಒಪ್ಪುವುದಿಲ್ಲ. ಒಪ್ಪುವವು ಬ್ಯಾಡ್‌ಲ್ಯಾಂಡ್ಸ್ (ಕಾರಿಗೆ 30) ಮತ್ತು ಡೆವಿಲ್ಸ್ ಟವರ್ (25), ಸೇರಿ 55. ಇಲ್ಲಿಗೇ ಮುಗಿಸಿದರೆ ಪಾಸ್ ಬೇಡ. ಪಶ್ಚಿಮಕ್ಕೆ ಮುಂದುವರಿದು ಯೆಲ್ಲೋಸ್ಟೋನ್ (35) ಸೇರಿಸಿದರೆ 90, ಆಗ ಪಾಸ್ ಗೆದ್ದಿತು.

ಉಳಿದವು, ಚುಟುಕಾಗಿ

ಲಾಸ್ ವೇಗಸ್ ಮತ್ತು ಸಾಲ್ಟ್ ಲೇಕ್ ನಡುವೆ ಕಾರಿನಲ್ಲಿ ಓಡಾಡುವವರು ಗ್ರೇಟ್ ಬೇಸಿನ್ನಿನ ಲೀಮನ್ ಗುಹೆ ನೋಡಿ. ಚಿಕ್ಕದು, ಆದರೆ ಕಣ್ಣಿಗೆ ಹಬ್ಬ. ಮ್ಯಾಮತ್‌ನಲ್ಲಿ ಅಪರೂಪವಾದ ಗೊಂಚಲು, ಕಂಬ, ಗುರಾಣಿಯಾಕಾರದ ಕಲ್ಲುಗಳು ಕೈಗೆಟಕುವಷ್ಟು ಹತ್ತಿರ (ಕೈ ಹಾಕುವಂತಿಲ್ಲ). ಯೂಟಾದ ಟಿಂಪನೋಗಸ್ ಗುಹೆ ತಲುಪಲು ಸಾವಿರ ಅಡಿಗೂ ಹೆಚ್ಚು ಬೆಟ್ಟ ಹತ್ತಬೇಕು, ಹಿರಿಯರನ್ನು ಕರೆದೊಯ್ಯುವ ಜಾಗವಲ್ಲ. ಒರೆಗಾನ್ ಕೇವ್ಸ್‌ನಲ್ಲಿ 500ಕ್ಕೂ ಹೆಚ್ಚು ಮೆಟ್ಟಿಲು, ಮಕ್ಕಳು ಕನಿಷ್ಠ 42 ಇಂಚು ಎತ್ತರ ಇರಬೇಕು. ಕ್ಯಾಲಿಫೋರ್ನಿಯಾದ ಸಿಕೋಯಾದಲ್ಲಿರುವ ಕ್ರಿಸ್ಟಲ್ ಕೇವ್ 2021ರ ಕಾಳ್ಗಿಚ್ಚಿನ ನಂತರ ಮುಚ್ಚಿದ್ದು 2025ರಲ್ಲಿ ತೆರೆಯಿತು. ಪಾರ್ಕಿನ ಗೇಟಿಗೆ ಪಾಸ್ ನಡೆಯುತ್ತದೆ, ಗುಹೆಯ ಟಿಕೆಟ್ ಬೇರೆ. 2026ರಿಂದ 11 ಪಾರ್ಕುಗಳಲ್ಲಿ ವಿದೇಶಿ ಪ್ರವಾಸಿಗಳಿಗೆ ತಲಾ 100 ಡಾಲರ್ ಹೆಚ್ಚುವರಿ ಶುಲ್ಕ ಹಾಕಿದ್ದಾರೆ, ಅವುಗಳಲ್ಲಿ ಸಿಕೋಯಾ ಒಂದು. ಬೇರೆ ಗುಹೆಗಳಿಗೆ ಆ ಗೋಜಿಲ್ಲ.

ಫೆಡರಲ್ ಪಾಸ್ ತೋರಿಸಿದರೆ ನಗುವ ಜಾಗಗಳೂ ಇವೆ. ವಾಷಿಂಗ್ಟನ್ ಸುತ್ತಲಿನ ನಮ್ಮವರು ಹೋಗುವ ವರ್ಜೀನಿಯಾದ ಲುರೇ ಕ್ಯಾವರ್ನ್ಸ್ ಖಾಸಗಿಯವರದು. ಅಲ್ಲಿ ಮೆಟ್ಟಿಲಿಲ್ಲದ ದಾರಿ ಇರುವುದರಿಂದ ಹಿರಿಯರಿಗೆ ಅನುಕೂಲ, ಟಿಕೆಟ್ಟಿನಲ್ಲಿ ಮಾತ್ರ ಈ ಪಾಸಿನಿಂದ ಏನೂ ಸಿಗದು. ಅರಿಜೋನಾದ ಕಾರ್ಚ್‌ನರ್ ಕ್ಯಾವರ್ನ್ಸ್ ರಾಜ್ಯದ ಪಾರ್ಕ್. 1974ರಲ್ಲಿ ಕಂಡುಹಿಡಿದವರು ಹಾಳಾಗದಿರಲೆಂದು ವರ್ಷಗಟ್ಟಲೆ ಗುಟ್ಟಾಗಿಟ್ಟಿದ್ದ ಗುಹೆ, ಜನರಿಗೆ ತೆರೆದದ್ದು 1999ರಲ್ಲಿ. ಫೋನು, ಕ್ಯಾಮೆರಾ, ಚೀಲ ಎಲ್ಲ ಹೊರಗೇ ಬಿಡಬೇಕು. ಮಾಮೂಲಿ ಗುಹೆಗಳ ಚಳಿ ಆಗದವರಿಗೆ ಇದು ಹಿತ, ಒಳಗೆ 21 ಡಿಗ್ರಿ ಸೆಲ್ಸಿಯಸ್ ಆಸುಪಾಸು.

ಹೊರಡುವ ಮುನ್ನ

ಆಂಧ್ರದ ಬೇಲಂ ಗುಹೆಯಲ್ಲಿ ಬೆವರು ಸುರಿಸಿ ಬಂದ ಅಪ್ಪ-ಅಮ್ಮ ಇಲ್ಲಿಯೂ ಹಾಗೇ ಅಂದುಕೊಂಡಿರುತ್ತಾರೆ. ಮ್ಯಾಮತ್, ವಿಂಡ್, ಕಾರ್ಲ್ಸ್‌ಬ್ಯಾಡ್ ಮೂರರಲ್ಲೂ ವರ್ಷವಿಡೀ 12-13 ಡಿಗ್ರಿ, ಜುವೆಲ್‌ನಲ್ಲಿ 9. ಹೊರಗೆ ಬಿಸಿಲು ಸುಡುತ್ತಿದ್ದರೂ ಸ್ವೆಟರ್ ಇರಲಿ. ಅಮ್ಮ ಸೀರೆಯನ್ನೇ ಉಡುತ್ತೇನೆ ಅಂದರೆ ಉಡಲಿ, ಆದರೆ ಸ್ವಲ್ಪ ಮೇಲೆತ್ತಿ, ಕಾಲಿಗೆ ಹಿಡಿತವಿರುವ ಶೂ ಹಾಕಿ. ಚಪ್ಪಲಿಯಲ್ಲಿ ಒದ್ದೆ ಮೆಟ್ಟಿಲು ಇಳಿಯುವುದು ಬೇಡವೇ ಬೇಡ. ಚಿತ್ರಾನ್ನದ ಡಬ್ಬಿ ಕಾರಿನಲ್ಲೇ ಇರಲಿ, ಒಳಗೆ ನೀರು ಬಿಟ್ಟು ಬೇರೇನೂ ಒಯ್ಯಬೇಡಿ.

ಒಂದಕ್ಕಿಂತ ಹೆಚ್ಚು ಗುಹೆ ನೋಡುವವರು ಬೇರೆ ಬೇರೆ ಬಟ್ಟೆ, ಶೂ ಇಟ್ಟುಕೊಳ್ಳಿ. ವೈಟ್ ನೋಸ್ ಎಂಬ ಬಾವಲಿ ಕಾಯಿಲೆಯ ಶಿಲೀಂಧ್ರ ಬಟ್ಟೆ, ಪಾದರಕ್ಷೆಯ ಮೂಲಕ ಹರಡುತ್ತದೆ. ಅಮೆರಿಕದಲ್ಲಿ ಅದು ಮೊದಲು ಕಂಡದ್ದು 2006ರ ಚಳಿಗಾಲ, ನ್ಯೂಯಾರ್ಕ್‌ನಲ್ಲಿ. ಆಮೇಲೆ ಬಾವಲಿಗಳು ಲಕ್ಷಲಕ್ಷ ಸತ್ತಿವೆ. ‘ಈ ಬಟ್ಟೆ, ಶೂ ಹಾಕಿಕೊಂಡು ಬೇರೆ ಗುಹೆಗೆ ಹೋಗಿದ್ದಿರಾ?’ ಅಂತ ರೇಂಜರ್ ಕೇಳುತ್ತಾರೆ. ಮ್ಯಾಮತ್‌ನಲ್ಲಿ ಹೊರಬರುವಾಗ ಸೋಪಿನ ದ್ರಾವಣದಲ್ಲಿ ನೆನೆದ ಚಾಪೆಯ ಮೇಲೆ ನಡೆಸಿಯೇ ಕಳಿಸುತ್ತಾರೆ.

ಬೇಸಿಗೆಯ ವಾರಾಂತ್ಯದ ಟೂರುಗಳು ಬೇಗ ಮಾರಾಟವಾಗುತ್ತವೆ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಟೂರು ಬುಕ್ ಮಾಡಿ, ಅದರ ಸಮಯ ನೋಡಿಕೊಂಡು ಹೋಟೆಲ್, ಕೊನೆಗೆ ಬೇಕಿದ್ದರೆ ಪಾಸ್. ಬುಕ್ ಮಾಡುವಾಗ ಸೀನಿಯರ್ ಅಥವಾ ಆಕ್ಸೆಸ್ ಪಾಸಿನ ದರವನ್ನು ನೀವೇ ಆರಿಸಿಕೊಳ್ಳಬೇಕು. ಪಾಸ್ ಮತ್ತು ಗುರುತಿನ ಚೀಟಿ ಅಂದು ಕೈಯಲ್ಲಿರಬೇಕು. ಸೀನಿಯರ್ ಪಾಸನ್ನು ಅಂಚೆಯಲ್ಲಿ ತರಿಸಿಕೊಂಡರೆ ಮೇಲೆ ಸಂಸ್ಕರಣಾ ಶುಲ್ಕ ಬೀಳುತ್ತದೆ, ಅದನ್ನು ಪಾಸ್ ಕೊಡುವ ಪಾರ್ಕಿನಲ್ಲೇ ಖುದ್ದಾಗಿ ತಗೊಳ್ಳುವುದು ಅಗ್ಗ. ಮೇಲೆ ಹೇಳಿದ ದರಗಳು 2026ರ ಆರಂಭದವು.